ಮೂರು ಹಳೆಯ ಡೆಸ್ಕ್‌ಟಾಪ್, ಒಂದು ಸಣ್ಣ ಬಜೆಟ್: ಹಣ ಯಾವುದಕ್ಕೆ ಹಾಕಬೇಕು?

ಒಂದು ಸಣ್ಣ ಕಚೇರಿಯಲ್ಲಿ ಮೂರು ಹಳೆಯ ಸಿಸ್ಟಂಗಳಿವೆ, ಕೂತು ಕೆಲಸ ಮಾಡುವವರು ಇಬ್ಬರು. ಇಬ್ಬರದೂ ಮಾಮೂಲಿ ಕೆಲಸ: ಬ್ರೌಸರ್‌ನಲ್ಲಿ ಹದಿನೈದು ಇಪ್ಪತ್ತು ಟ್ಯಾಬ್, ಸ್ಪ್ರೆಡ್‌ಶೀಟ್, ಪಿಡಿಎಫ್, ವಿಡಿಯೊ ಕಾಲ್. ಒಬ್ಬರಿಗೆ ಆಗಾಗ ಫೋಟೊ ತಿದ್ದುವುದೂ ಇರುತ್ತದೆ. ಮೂರೂ ಸಿಸ್ಟಂಗಳ ಮೇಲೆ ದೂರು ಒಂದೇ: ಆನ್ ಮಾಡಿ ಬೇರೆ ಕೆಲಸ ಮುಗಿಸಿಕೊಂಡು ಬಂದರೂ ಇನ್ನೂ ತಿಣುಕುತ್ತಿರುತ್ತದೆ. ಕೈಯಲ್ಲಿರುವ ಹಣ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪಿನ ಬೆಲೆಗಿಂತ ಹೆಚ್ಚಿಲ್ಲ. ಅಷ್ಟರಲ್ಲಿ ಎರಡು ಮೇಜಿಗೆ ಎರಡು ಸರಿಯಾದ ಸಿಸ್ಟಂ ಆಗಬೇಕು.

ಒಂದು ಡೆಲ್ ಆಪ್ಟಿಪ್ಲೆಕ್ಸ್ 780: ಕೋರ್ 2 ಡ್ಯುಯೊ ಇ8400 ಪ್ರೊಸೆಸರ್, 2 ಜಿಬಿಯ ಎರಡು ಡಿಡಿಆರ್3-1066 ರ‍್ಯಾಮ್, 250 ಜಿಬಿ ಹಾರ್ಡ್ ಡಿಸ್ಕ್. ಎರಡನೆಯದು ಆಪ್ಟಿಪ್ಲೆಕ್ಸ್ 7010, ಮಿನಿ ಟವರ್ ಕ್ಯಾಬಿನೆಟ್: ಐ5-3470, 4 ಜಿಬಿಯ ಒಂದೇ ಒಂದು ಡಿಡಿಆರ್3-1600 ಕಡ್ಡಿ, 500 ಜಿಬಿ ಹಾರ್ಡ್ ಡಿಸ್ಕ್. ಮೂರನೆಯದು ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1, ಚಿಕ್ಕ ಎಸ್‌ಎಫ್‌ಎಫ್ ಕ್ಯಾಬಿನೆಟ್: ಐ5-4570, 4 ಜಿಬಿಯ ಎರಡು ಕಡ್ಡಿ, 500 ಜಿಬಿ ಹಾರ್ಡ್ ಡಿಸ್ಕ್. ಮುಂದೆ ಇವನ್ನು 780, 7010, 800 ಎಂದಷ್ಟೇ ಕರೆದರೆ ಸಾಕು.

ಸುಮ್ಮನೆ ನೋಡಿದರೆ ಉತ್ತರ ಸುಲಭ ಅನಿಸುತ್ತದೆ. ಮೂರರಲ್ಲಿ 800 ಹೊಸದು, ಹಣವೆಲ್ಲ ಅದಕ್ಕೇ ಹೋಗಲಿ ಎನ್ನುವವರೇ ಹೆಚ್ಚು. ಮುಚ್ಚಳ ಬಿಚ್ಚಿ ನೋಡಿದ ಮೇಲೆ ಲೆಕ್ಕ ಬೇರೆಯಾಯಿತು.

ಹಣ ತೆಗೆಯುವ ಮೊದಲು

ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರ್ ಕೂಡ ಬೇಡ. ಸಿಸ್ಟಂ ಆನ್ ಮಾಡಿ, ಬ್ರೌಸರ್ ತೆರೆದು, ಟಾಸ್ಕ್ ಮ್ಯಾನೇಜರ್ ನೋಡಬೇಕು. 800ರಲ್ಲಿ ಪ್ರೊಸೆಸರ್ ಬಹುಪಾಲು ಸುಮ್ಮನೆ ಕೂತಿದೆ, ಡಿಸ್ಕ್ ಮಾತ್ರ 100 ಶೇಕಡದಿಂದ ಇಳಿಯುತ್ತಿಲ್ಲ. 7010ರಲ್ಲೂ ಡಿಸ್ಕ್ 100, ಜೊತೆಗೆ ರ‍್ಯಾಮ್ ತುಂಬಿ ತುಳುಕುತ್ತಿದೆ. ತುಂಬಿದ ರ‍್ಯಾಮ್ ಹಾರ್ಡ್ ಡಿಸ್ಕಿಗೇ ಹರಿಯುವುದರಿಂದ ಅಲ್ಲಿ ಎರಡು ತೊಂದರೆ ಸೇರಿ ಒಂದಾಗಿವೆ. 780ರಲ್ಲಿ ಮಾತ್ರ ಪ್ರೊಸೆಸರಿನ ಎರಡೂ ಕೋರ್ ಪೂರ್ತಿ ಓಡುತ್ತಿವೆ. ಅಂದರೆ ಮೂರೂ ನಿಧಾನ ಎಂಬ ಒಂದು ದೂರಿನ ಹಿಂದೆ ಮೂರು ಬೇರೆ ಕಾರಣಗಳಿವೆ.

ಹಾರ್ಡ್ ಡಿಸ್ಕ್ ಯಾಕೆ ಇಷ್ಟು ಎಳೆಯುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡ್. ಹೆಡ್ ಸರಿಯಾದ ಟ್ರ್ಯಾಕಿಗೆ ಸರಿಯಲು ಇನ್ನೊಂದು 8–9. ಹೀಗೆ ಒಂದು ಚಿಕ್ಕ ತುಣುಕು ಓದಲು 13 ಮಿಲಿಸೆಕೆಂಡ್ ಹಿಡಿದರೆ, ಸೆಕೆಂಡಿಗೆ ಎಪ್ಪತ್ತೈದು ಎಂಬತ್ತು ತುಣುಕುಗಳಷ್ಟೇ ಬರುತ್ತವೆ. ಚದುರಿದ 4 ಕೆಬಿ ತುಣುಕುಗಳಾದರೆ ಇದು ಸೆಕೆಂಡಿಗೆ ಸುಮಾರು 0.3 ಎಂಬಿ. ಬೂಟ್ ಆಗುವಾಗ, ಬ್ರೌಸರ್ ತೆರೆಯುವಾಗ ನಡೆಯುವುದೆಲ್ಲ ಇಂಥ ಚದುರಿದ ಓದೇ. ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಸಾಧಾರಣ ಸಾಟಾ (ಹಾರ್ಡ್ ಡಿಸ್ಕಿನ ಅದೇ ಕೇಬಲ್ಲಿಗೆ ಕೂರುವ) ಎಸ್‌ಎಸ್‌ಡಿಯೂ ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ.

ಆಮೇಲೆ ಡಿಸ್ಕುಗಳ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ತೆಗೆಯಬೇಕು. ನೋಡಬೇಕಾದ ಸಾಲು ಮುಖ್ಯವಾಗಿ ಎರಡು: 5ನೆಯದು, ಕೆಟ್ಟು ಬದಲಾಯಿಸಲಾದ ಸೆಕ್ಟರ್‌ಗಳು, 197ನೆಯದು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. ಎರಡೂ ಸೊನ್ನೆ ಇರಬೇಕು. 7010ರ ಡಿಸ್ಕಿನಲ್ಲಿ ಎರಡೂ ಸೊನ್ನೆ. 800ರ ಡಿಸ್ಕಿನಲ್ಲಿ 197 ಏರಿದೆ, ಅದನ್ನು ಇನ್ನು ನಂಬುವಂತಿಲ್ಲ. ಬೇರೇನೂ ಮಾಡುವ ಮೊದಲು ಅದರಲ್ಲಿದ್ದ ಫೈಲುಗಳನ್ನು ನಕಲು ಮಾಡಿಕೊಳ್ಳುವುದೇ ಆ ದಿನದ ಮೊದಲ ಕೆಲಸ.

ಮುಚ್ಚಳ ತೆಗೆದ ಮೇಲೆ ಕಣ್ಣಿಗೆ ಬೀಳಬೇಕಾದವು: ತಲೆ ಉಬ್ಬಿದ ಕೆಪಾಸಿಟರ್, ಹೀಟ್‌ಸಿಂಕಿನ ಸಂದಿಗಳಲ್ಲಿ ಕಂಬಳಿಯಂತೆ ಕೂತ ದೂಳು, ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗದ ಫ್ಯಾನ್. ಸಿಆರ್2032 ಬಟನ್ ಸೆಲ್‌ನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು, 3ಕ್ಕಿಂತ ಸ್ಪಷ್ಟವಾಗಿ ಕಡಿಮೆ ಇದ್ದರೆ ಬದಲಾಯಿಸಬೇಕು. ಸೆಲ್ ಸತ್ತರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಗಡಿಯಾರ ತಪ್ಪಿದರೆ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯದೆ ಎಚ್ಚರಿಕೆ ಬರುತ್ತದೆ. ಇಂಟರ್‌ನೆಟ್ ಕೆಟ್ಟಿದೆ ಎಂದು ಮೂಲೆಗೆ ಹೋದ ಎಷ್ಟೋ ಸಿಸ್ಟಂಗಳಲ್ಲಿ ಕೆಟ್ಟಿರುವುದು ಈ ಸೆಲ್ ಅಷ್ಟೇ. ಬಯಾಸ್‌ಗೆ (ಸಿಸ್ಟಂ ಆನ್ ಆದ ಕೂಡಲೇ ಓಡುವ ಬೋರ್ಡಿನ ಮೂಲ ತಂತ್ರಾಂಶ) ಪಾಸ್‌ವರ್ಡ್ ಹಾಕಿದ್ದಾರೆಯೇ ಎಂದೂ ಈಗಲೇ ನೋಡಬೇಕು. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿದರೆ ಗೊತ್ತಾಗುತ್ತದೆ.

ಪ್ರೊಸೆಸರ್‌ಗಳ ತೂಕ

ಇ8400 ಎಂಬುದು 2008ರ ಪ್ರೊಸೆಸರ್: ಎರಡು ಕೋರ್, 3 ಗಿಗಾಹರ್ಟ್ಸ್. ಐ5-3470 ಬಂದದ್ದು 2012ರಲ್ಲಿ, ಐ5-4570 ಬಂದದ್ದು 2013ರಲ್ಲಿ. ಎರಡಕ್ಕೂ ನಾಲ್ಕು ಕೋರ್, ಎರಡಕ್ಕೂ 3.2ರಿಂದ 3.6 ಗಿಗಾಹರ್ಟ್ಸ್, ಎರಡಕ್ಕೂ 6 ಎಂಬಿ ಕ್ಯಾಶ್. ಪ್ರೊಸೆಸರ್ ವೇಗ ಅಳೆದು ಅಂಕ ಕೊಡುವ ಪಾಸ್‌ಮಾರ್ಕ್ ಪಟ್ಟಿಯ ಅಂಕಗಳನ್ನು ಸ್ಥೂಲವಾಗಿ ಹೇಳಿದರೆ ಇ8400ಗೆ 1200ರ ಆಸುಪಾಸು, 3470ಗೆ 4600, 4570ಗೆ 5200. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇರುವುದು ಕಂದಕ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವನ್ನು ಕುರ್ಚಿಯಲ್ಲಿ ಕೂತವರು ಗುರುತಿಸಲಾರರು. 7010 ಮತ್ತು 800ರ ನಡುವೆ ಪ್ರೊಸೆಸರ್ ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ.

780ರ ಇನ್ನೊಂದು ಮಿತಿ ಅಂಕಗಳಲ್ಲಿ ಕಾಣುವುದಿಲ್ಲ. ಇ8400ನಲ್ಲಿ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಸೂಚನೆಗಳಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಇವು ಕಡ್ಡಾಯ, ಇಲ್ಲದಿದ್ದರೆ ಅದು ಬೂಟ್ ಆಗುವುದೇ ಇಲ್ಲ. ಬೇರೆ ತಂತ್ರಾಂಶಗಳೂ ನಿಧಾನವಾಗಿ ಅದೇ ದಾರಿ ಹಿಡಿಯುತ್ತಿವೆ. ನಾಲ್ಕು ಕೋರಿನ ಕೋರ್ 2 ಕ್ವಾಡ್ ಕ್ಯೂ9550 ಹಾಕಿದರೂ ಈ ಕೊರತೆ ನೀಗುವುದಿಲ್ಲ, ಯಾಕೆಂದರೆ ಅದೂ ಅದೇ ತಲೆಮಾರು. 780ಕ್ಕೆ ಹಣ ಹಾಕಬಾರದು ಎಂಬ ತೀರ್ಮಾನ ಇಲ್ಲಿಗೇ ಮುಗಿಯಿತು.

ವಿಂಡೋಸ್ ವಿಷಯವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು, ಇಲ್ಲವಾದರೆ ಭಾಗಗಳಿಗೆ ಹಾಕಿದ್ದೆಲ್ಲ ನೀರುಪಾಲು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಬಹುಮಟ್ಟಿಗೆ 8ನೇ ತಲೆಮಾರಿನ ಇಂಟೆಲ್ ಅಥವಾ ಅದರಾಚೆಯದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಈ ಮೂರರಲ್ಲಿ ಯಾವುದೂ ಆ ಸಾಲಿಗೆ ಸೇರದು. ಸುತ್ತುದಾರಿಯಲ್ಲಿ 7010 ಮತ್ತು 800ರ ಮೇಲೆ ಅದನ್ನು ಕೂರಿಸಬಹುದು, ಆದರೆ ಮುಂದಿನ ಅಪ್‌ಡೇಟ್ ಬರುತ್ತದೆ ಎಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ. ವಿಂಡೋಸ್‌ನಲ್ಲೇ ಓಡಬೇಕಾದ ತಂತ್ರಾಂಶ ಕಚೇರಿಯಲ್ಲಿದ್ದರೆ ಈ ಮೂರನ್ನೂ ಬದಿಗಿಟ್ಟು 8ನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಸಿಸ್ಟಂ ಹುಡುಕುವುದೇ ಸರಿ. ಇಲ್ಲಿ ಕೆಲಸವೆಲ್ಲ ಬ್ರೌಸರ್‌ನಲ್ಲಿ ಮತ್ತು ಲಿಬ್ರೆ ಆಫೀಸ್‌ನಲ್ಲಿ ನಡೆಯುತ್ತದೆ, ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಸಾಕು. ಡಿಸ್ಕ್ ಅಳಿಸುವ ಮೊದಲು ಮಿಂಟ್ ಅನ್ನು 8 ಜಿಬಿ ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡಿಸಿ ಪ್ರಿಂಟರ್, ಸ್ಕ್ಯಾನರ್, ವೆಬ್‌ಕ್ಯಾಮ್, ಧ್ವನಿ ಎಲ್ಲವನ್ನೂ ಪರೀಕ್ಷಿಸಬೇಕು. ಬೂಟ್ ಮೆನು ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಸಾಮಾನ್ಯವಾಗಿ ಕೈಕೊಡುವುದು ಸ್ಕ್ಯಾನರ್.

ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್

ಪ್ರೊಸೆಸರ್ ಪಟ್ಟಿ ನೋಡಿ ಸಿಸ್ಟಂ ಕೊಳ್ಳುವವರು ಎಡವುವುದು ಇಲ್ಲೇ. 800ರ ಮದರ್‌ಬೋರ್ಡಿಗೆ ವಿದ್ಯುತ್ ಬರುವುದು ಮಾಮೂಲಿ 24 ಪಿನ್ ಕನೆಕ್ಟರಿನಿಂದಲ್ಲ, ಆ ಕಂಪನಿಯದೇ ವಿನ್ಯಾಸದ 6 ಪಿನ್ ಕನೆಕ್ಟರುಗಳಿಂದ. ಎಸ್‌ಎಫ್‌ಎಫ್ ಕ್ಯಾಬಿನೆಟ್ ಆದ್ದರಿಂದ ಎಸ್‌ಎಂಪಿಎಸ್‌ನ (ಸಿಸ್ಟಂಗೆ ವಿದ್ಯುತ್ ಪೂರೈಸುವ ಡಬ್ಬಿ) ಆಕಾರವೂ ಬೇರೆ. ಅದು ಸುಟ್ಟರೆ ಅಂಗಡಿಯ ಯಾವ ಸಾಧಾರಣ ಎಸ್‌ಎಂಪಿಎಸ್ ಕೂಡ ಒಳಗೆ ಹೋಗುವುದಿಲ್ಲ. ಅದೇ ಮಾದರಿಯದನ್ನೇ ಹುಡುಕಬೇಕು, ಇಲ್ಲವೇ 24ರಿಂದ 6 ಪಿನ್‌ಗೆ ಬದಲಿಸುವ ಕೇಬಲ್ ತಂದು ಎಸ್‌ಎಂಪಿಎಸ್ ಅನ್ನು ಕ್ಯಾಬಿನೆಟ್‌ನ ಹೊರಗೆ ಇಡಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕುವುದಾದರೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡೇ ಆಗಬೇಕು, ಅವುಗಳಲ್ಲಿ ಆಯ್ಕೆ ಕಡಿಮೆ.

7010 ಮಿನಿ ಟವರ್‌ನಲ್ಲಿ ಇರುವುದು 275 ವ್ಯಾಟ್ ಎಸ್‌ಎಂಪಿಎಸ್, ಮಾಮೂಲಿ 24 ಪಿನ್ ಮತ್ತು 4 ಪಿನ್ ಕನೆಕ್ಟರ್. ಕೆಟ್ಟರೆ ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ ಕೂರುತ್ತದೆ, ಆದರೂ ಕೊಳ್ಳುವ ಮೊದಲು ಸ್ಕ್ರೂ ತೂತುಗಳನ್ನು ಮತ್ತು ಉದ್ದವನ್ನು ಅಳೆದುಕೊಳ್ಳುವುದು ಒಳ್ಳೆಯದು. ಪೂರ್ಣ ಎತ್ತರದ ಕಾರ್ಡ್ ಹಿಡಿಸುತ್ತದೆ. ಇನ್ನೊಂದು 3.5 ಇಂಚಿನ ಡಿಸ್ಕಿಗೂ ಜಾಗವಿದೆ. ರ‍್ಯಾಮ್ ಸ್ಲಾಟ್ ಎರಡರಲ್ಲೂ ನಾಲ್ಕು ನಾಲ್ಕು. ಇದೇ ಡೆಲ್ ಮುಂದಿನ ತಲೆಮಾರಿನ 3020, 7020, 9020ಗಳಲ್ಲಿ 8 ಪಿನ್ ಕನೆಕ್ಟರಿಗೆ ಹೋಯಿತು ಎಂಬುದನ್ನು ನೆನೆದರೆ, ಹೊಸದು ಎಂದ ಮಾತ್ರಕ್ಕೆ ದುರಸ್ತಿಗೆ ಸುಲಭ ಎಂದುಕೊಳ್ಳಬಾರದು.

ಹಾಗಾಗಿ 800ಕ್ಕಿಂತ ಒಂದು ವರ್ಷ ಹಳೆಯದಾದ 7010ಕ್ಕೇ ಹೆಚ್ಚು ಹಣ, ಫೋಟೊ ಕೆಲಸವಿರುವವರಿಗೆ ಅದೇ. 800ಕ್ಕೆ ಎಸ್‌ಎಸ್‌ಡಿ ಒಂದನ್ನು ಬಿಟ್ಟು ಬೇರೇನೂ ಬೇಡ. ಇಲ್ಲಿ ಪಾಲಿಸಿದ ಅಳತೆಗೋಲು ಇಷ್ಟೇ: ಈ ಸಿಸ್ಟಂ ಸತ್ತ ಮೇಲೂ ಮುಂದಿನದಕ್ಕೆ ಹೋಗಬಲ್ಲ ಭಾಗವನ್ನು ಹೊಸದಾಗಿ, ಒಳ್ಳೆಯದನ್ನೇ ಕೊಳ್ಳಬೇಕು, ಇಲ್ಲೇ ಕೊನೆಗಾಣುವ ಭಾಗವನ್ನು ಸೆಕೆಂಡ್ ಹ್ಯಾಂಡ್, ಬೇಕಾದಷ್ಟೇ. ಸಾಟಾ ಎಸ್‌ಎಸ್‌ಡಿ ಮೊದಲ ಗುಂಪು. ಡಿಡಿಆರ್3 ರ‍್ಯಾಮ್ ಮತ್ತು ಹಳೆಯ ಸಾಕೆಟ್ಟಿನ ಪ್ರೊಸೆಸರ್ ಎರಡನೆಯ ಗುಂಪು.

ಎಸ್‌ಎಸ್‌ಡಿ ಹಾಕಿದ ಬಗೆ

ಎರಡಕ್ಕೂ 2.5 ಇಂಚಿನ 250 ಜಿಬಿ ದರ್ಜೆಯ ಸಾಟಾ ಎಸ್‌ಎಸ್‌ಡಿ. ಅದಕ್ಕಿಂತ ವೇಗದ, ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ ಬೇಡ. ಇವುಗಳ ಬಯಾಸ್‌ಗೆ ಎನ್‌ವಿಎಂಇಯಿಂದ ಬೂಟ್ ಮಾಡಲು ಬರುವುದಿಲ್ಲ; ಪಿಸಿಐಇ ಅಡಾಪ್ಟರ್ ಹಾಕಿದರೆ ಡೇಟಾ ಡಿಸ್ಕಾಗಿ ಕಾಣುತ್ತದೆ, ಬೂಟ್ ಆಗಬೇಕಾದರೆ ಬಯಾಸ್ ತಿದ್ದಬೇಕು ಅಥವಾ ಪೆನ್‌ಡ್ರೈವ್‌ನ ಆಸರೆ ಬೇಕು. ಕಚೇರಿಯ ಸಿಸ್ಟಂಗೆ ಅಷ್ಟು ಹಗರಣ ಯಾಕೆ?

7010ರ ಕ್ಯೂ77 ಚಿಪ್‌ಸೆಟ್ಟಿನಲ್ಲಿ 6 ಗಿಗಾಬಿಟ್ ವೇಗದ ಸಾಟಾ ಪೋರ್ಟ್ ಎರಡೇ, ಉಳಿದವು 3 ಗಿಗಾಬಿಟ್. ಎಸ್‌ಎಸ್‌ಡಿಯ ಕೇಬಲ್ 0 ಅಥವಾ 1 ಎಂಬ ಗುರುತಿನ ಪೋರ್ಟಿಗೇ ಹೋಗಬೇಕು. ತಪ್ಪಿ 2ಕ್ಕೆ ಹಾಕಿದರೆ ಸೆಕೆಂಡಿಗೆ 550 ಎಂಬಿ ಓದಬಲ್ಲದ್ದು 300ರೊಳಗೇ ನಿಲ್ಲುತ್ತದೆ. ಎಸ್‌ಎಸ್‌ಡಿಗೆ 2.5ರಿಂದ 3.5 ಇಂಚಿನ ಬ್ರಾಕೆಟ್ ಇದ್ದರೆ ಅಚ್ಚುಕಟ್ಟು, ಇಲ್ಲದಿದ್ದರೆ ಗಟ್ಟಿ ಡಬಲ್ ಟೇಪ್ ಸಾಕು, ಅಲುಗುವ ಭಾಗವೇ ಇಲ್ಲವಲ್ಲ. 800ರಲ್ಲಿ ಹಾರ್ಡ್ ಡಿಸ್ಕ್ ಇದ್ದ ಕೇಬಲ್ಲುಗಳಿಗೇ ಎಸ್‌ಎಸ್‌ಡಿ ಜೋಡಿಸಿದರೆ ಆಯಿತು. ಎರಡನೇ ಡಿಸ್ಕಿಗೆಂದು ಡಿವಿಡಿ ಡ್ರೈವ್‌ನ ತಂತಿ ಕದಿಯಲು ಹೋದರೆ ಅಲ್ಲಿನ ಸ್ಲಿಮ್ ಕನೆಕ್ಟರ್ ಹೊಂದುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಮೋಲೆಕ್ಸ್–ಸಾಟಾ ಅಡಾಪ್ಟರನ್ನಂತೂ ಹಾಕಲೇಬಾರದು. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಕರಗಿದ ಉದಾಹರಣೆಗಳು ಬೇಕಾದಷ್ಟಿವೆ.

ಇನ್‌ಸ್ಟಾಲ್ ಮಾಡುವ ಮೊದಲು ಬಯಾಸ್‌ನಲ್ಲಿ ಎರಡು ತಿದ್ದುಪಡಿ. ಸಾಟಾ ಮೋಡ್ ಎಎಚ್‌ಸಿಐ ಆಗಿರಬೇಕು; ಡೆಲ್ ಸಿಸ್ಟಂಗಳಲ್ಲಿ ಅದು ಹೆಚ್ಚಾಗಿ ರೇಡ್ ಎಂದು ಇಟ್ಟಿರುತ್ತದೆ. ಹಳೆಯ ವಿಂಡೋಸ್ ಇನ್ನೂ ಬೇಕಿದ್ದರೆ ಮಾತ್ರ ಹುಷಾರು: ಮೋಡ್ ಬದಲಾಯಿಸಿದ ಕೂಡಲೇ ಅದು ಬೂಟ್ ಡಿಸ್ಕ್ ಸಿಗಲಿಲ್ಲವೆಂದು ನೀಲಿ ಪರದೆ ತೋರಿಸುತ್ತದೆ. ಎರಡನೆಯದು, ಬೂಟ್ ಮೋಡ್ ಯುಇಎಫ್‌ಐಗೆ. ಇನ್‌ಸ್ಟಾಲ್ ನಡೆಯುವಾಗ ಹಳೆಯ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಬೇಕು. ಕಿತ್ತಿಡದಿದ್ದರೆ ಬೂಟ್ ಫೈಲುಗಳು ಕೆಲವೊಮ್ಮೆ ಹಳೆಯ ಡಿಸ್ಕಿಗೆ ಹೋಗಿ ಕೂರುತ್ತವೆ, ಆರು ತಿಂಗಳ ನಂತರ ಆ ಡಿಸ್ಕ್ ತೆಗೆದಾಗ ಚೆನ್ನಾಗಿರುವ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ. ಎಲ್ಲ ಮುಗಿದ ಮೇಲೆ 7010ರ 500 ಜಿಬಿ ಡಿಸ್ಕನ್ನು 2ನೇ ಪೋರ್ಟಿಗೆ ಮರಳಿ ಜೋಡಿಸಿ ಫೋಟೊಗಳಿಗೆ ಬಿಡಲಾಯಿತು.

ರ‍್ಯಾಮ್: ಅಗ್ಗದಲ್ಲಿ ಮೋಸ ಹೆಚ್ಚು

7010ರಲ್ಲಿ ಒಂದೇ ಕಡ್ಡಿ ಇದ್ದುದರಿಂದ ಎರಡು ನಷ್ಟ: 4 ಜಿಬಿ ಸಾಲದು, ಜೊತೆಗೆ ರ‍್ಯಾಮ್‌ಗೂ ಪ್ರೊಸೆಸರಿಗೂ ನಡುವಿನ ಎರಡು ದಾರಿಗಳಲ್ಲಿ (ಚಾನೆಲ್) ಒಂದೇ ಓಡುತ್ತಿತ್ತು. ಡಿಡಿಆರ್3-1600 ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 12.8 ಜಿಬಿ ಸಾಗಿಸಬಲ್ಲದು, ಜೋಡಿಯಾದರೆ 25.6. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುವುದರಿಂದ ವಿಡಿಯೊ ಕಾಲ್ ಹೊತ್ತಿನಲ್ಲಿ ಈ ವ್ಯತ್ಯಾಸ ತಿಳಿಯುತ್ತದೆ.

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ 4 ಜಿಬಿ ಕಡ್ಡಿಗಳೇ ಲಾಭ. ಕಚೇರಿಗಳಿಂದ ಕಳಚಿ ಬರುವುದರಲ್ಲಿ ಅವೇ ಹೆಚ್ಚು, ಕೇಳುವವರು ಕಡಿಮೆ. ಇನ್ನು ಮೂರು ಕಡ್ಡಿ ಹಾಕಿ 4×4 ಮಾಡಿ 16 ಜಿಬಿಗೆ ಏರಿಸಲಾಯಿತು. 32ರ ತನಕ ಹೋಗಬಹುದು, ಈ ಕೆಲಸಕ್ಕೆ ಬೇಕಿಲ್ಲ. 780ರಿಂದ ಬಿಡುವಾದ ಕಡ್ಡಿಗಳೂ ಡಿಡಿಆರ್3 ಹೌದು, ಆದರೆ 1066ರವು. ಒಂದನ್ನು ಸೇರಿಸಿದರೂ ಉಳಿದೆಲ್ಲವೂ ಅದರ ವೇಗಕ್ಕೆ ಇಳಿಯುತ್ತವೆ, ಅಥವಾ ಸಿಸ್ಟಂ ಆನ್ ಆಗುವುದೇ ಇಲ್ಲ.

ಕೊಳ್ಳುವಾಗ ಲೇಬಲ್ ಮೇಲೆ ಪಿಸಿ3-12800 ಎಂದಿರಬೇಕು, 240 ಪಿನ್, ಇಸಿಸಿ (ದೋಷ ತಿದ್ದುವ ಸೌಲಭ್ಯ) ಇಲ್ಲದ್ದು, ಬಫರ್ ಇಲ್ಲದ್ದು. ಸರ್ವರ್‌ಗಳಿಂದ ಬರುವ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಆಶ್ಚರ್ಯವಾಗುವಷ್ಟು ಅಗ್ಗ, ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ ಕೂಡ, ಆದರೆ ಈ ಬೋರ್ಡ್‌ಗಳಲ್ಲಿ ಓಡುವುದಿಲ್ಲ. ಎಎಂಡಿಗೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದು ಮಾರುವ ಕಡ್ಡಿಗಳೂ ಅಷ್ಟೇ, ಇಂಟೆಲ್ ಬೋರ್ಡ್ ಅವನ್ನು ಒಪ್ಪುವುದಿಲ್ಲ. ವೋಲ್ಟೇಜ್ 1.5 ಆಗಲಿ 1.35 ಆಗಲಿ ಈ ಎರಡೂ ಸಿಸ್ಟಂಗಳಿಗೆ ನಡೆಯುತ್ತದೆ.

ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ, ಎಲ್ಲ ಕಡ್ಡಿ ತೆಗೆದು, ಹಿತ್ತಾಳೆ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, 1ನೇ ಸ್ಲಾಟಿನಲ್ಲಿ ಒಂದೊಂದನ್ನೇ ಹಾಕಿ ನೋಡಬೇಕು. ಆನ್ ಆದ ಮಾತ್ರಕ್ಕೆ ರ‍್ಯಾಮ್ ಸರಿಯಿದೆ ಎಂದಲ್ಲ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಒಂದು ಪೂರ್ತಿ ಸುತ್ತು ಓಡಬೇಕು, ಒಂದೇ ಒಂದು ದೋಷ ಕಂಡರೂ ಆ ಕಡ್ಡಿ ವಾಪಸ್.

ಐ7 ಆಸೆ

7010ಕ್ಕೆ ಐ7-3770, 800ಕ್ಕೆ ಐ7-4770 ಸಲೀಸಾಗಿ ಕೂರುತ್ತವೆ. ಎಂಟು ಥ್ರೆಡ್, 3.9 ಗಿಗಾಹರ್ಟ್ಸ್ ಟರ್ಬೊ. ವಿಡಿಯೊ ರೆಂಡರ್ ಮಾಡುವವರಿಗೆ ಉಪಯೋಗ ಉಂಟು, ಬ್ರೌಸರ್ ತೆರೆಯುವವರಿಗೆ ಇಲ್ಲ. ಐ7 ಹೆಸರಿಗೆ ಬೇಡಿಕೆ ಇಳಿಯದ ಕಾರಣ ಆ ಒಂದು ಪ್ರೊಸೆಸರಿನ ಬೆಲೆ ಐ5 ಇರುವ ಇಡೀ ಸಿಸ್ಟಂನ ಬೆಲೆಗೆ ಹತ್ತಿರ ಬರುವುದುಂಟು. ಬೋರ್ಡಿನಲ್ಲಿ ಇದ್ದದ್ದು ಪೆಂಟಿಯಂ ಅಥವಾ ಐ3 ಆಗಿದ್ದರೆ ಮಾತು ಬೇರೆ. ಆಗ ಅಗ್ಗದ ಐ5 ಹಾಕುವುದು ಸಾರ್ಥಕ. ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರಿಗೆ ಹೆಚ್ಚು ಕೊಡುವುದು ದಂಡ, ಈ ಬೋರ್ಡುಗಳಲ್ಲಿ ಓವರ್‌ಕ್ಲಾಕ್ ಆಗುವುದಿಲ್ಲ.

ಪ್ರೊಸೆಸರ್ ಬದಲಾಯಿಸದಿದ್ದರೂ ಹೀಟ್‌ಸಿಂಕ್ ಮಾತ್ರ ಬಿಚ್ಚಲೇಬೇಕು. ಹತ್ತು ವರ್ಷದ ಪೇಸ್ಟ್ ಒಣಗಿ ಬಿರುಕು ಬಿಟ್ಟಿರುತ್ತದೆ, ಬಿಸಿ ಏರಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಹಳೆಯದನ್ನು ಒರೆಸಿ, ನಡುವೆ ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು ಅದೇ ಕ್ರಮದಲ್ಲಿ ಬಿಗಿಯಬೇಕು.

ಉಳಿದ ಮಿತಿಗಳು

ಎರಡೂ ಸಿಸ್ಟಂಗಳ ಒಳಗಿನ ಗ್ರಾಫಿಕ್ಸ್‌ಗೆ ಎಚ್.264 ಎಂಬ ಕುಗ್ಗಿಸಿದ ವಿಡಿಯೊ ರೂಪವನ್ನು ಬಿಡಿಸಲು ಬರುತ್ತದೆ, ವಿಪಿ9 ಮತ್ತು ಎವಿ1 ಎಂಬ ರೂಪಗಳನ್ನು ಬಿಡಿಸಲು ಬರುವುದಿಲ್ಲ. ಯೂಟ್ಯೂಬ್ ಕಳಿಸುವುದು ಹೆಚ್ಚಾಗಿ ಈ ಎರಡನ್ನೇ, ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್.264 ಅನ್ನೇ ಕೇಳುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿದರೆ 1080ಪಿ ಹಗುರವಾಗಿ ಓಡುತ್ತದೆ, ಅದಕ್ಕಿಂತ ಮೇಲಿನ ಗುಣಮಟ್ಟ ಸಿಗುವುದಿಲ್ಲ. ಮುಂದೆ ಕಾರ್ಡ್ ಬೇಕೆನಿಸಿದರೆ 7010ಕ್ಕೆ ಜಿಟಿ 1030 ಸಾಕು, 30 ವ್ಯಾಟ್‌ನದು, ಬೇರೆ ವಿದ್ಯುತ್ ತಂತಿ ಬೇಡ. ಆದರೆ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡೂ ಇದೆ, ಜಿಡಿಡಿಆರ್5ನದೂ ಇದೆ. ಮೊದಲನೆಯದರ ಮೆಮೊರಿ ವೇಗ ಎರಡನೆಯದರ ಸುಮಾರು ಮೂರನೇ ಒಂದು ಭಾಗ. ಪೆಟ್ಟಿಗೆಯ ಮೇಲೆ ಜಿಡಿಡಿಆರ್5 ಎಂದು ಓದದೆ ಹಣ ಕೊಡಬಾರದು.

ಎರಡರಲ್ಲೂ ಎಚ್‌ಡಿಎಂಐ ಇಲ್ಲ, ವಿಜಿಎ ಒಂದು, ಡಿಸ್‌ಪ್ಲೇಪೋರ್ಟ್ ಎರಡು. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಒಂದೊಂದು ಪಟ್ಟಿಗೆ ಸೇರಿಸಿಕೊಳ್ಳಬೇಕು. ದಿಕ್ಕು ಮುಖ್ಯ, ಎಚ್‌ಡಿಎಂಐನಿಂದ ಡಿಸ್‌ಪ್ಲೇಪೋರ್ಟ್‌ಗೆ ಎಂದು ಮಾರುವ ಕೇಬಲ್ ಇಲ್ಲಿ ನಡೆಯುವುದಿಲ್ಲ.

ಹೀಗೆ ಕೊನೆಯ ಪಟ್ಟಿ: ಎರಡು ಎಸ್‌ಎಸ್‌ಡಿ, ಮೂರು 4 ಜಿಬಿ ಕಡ್ಡಿ, ಎರಡು ಬಟನ್ ಸೆಲ್, ಒಂದು ಟ್ಯೂಬ್ ಪೇಸ್ಟ್, ಎರಡು ಕೇಬಲ್. ಹಣ ಉಳಿದರೆ 800ಕ್ಕೆ ಅದೇ ಮಾದರಿಯ ಎಸ್‌ಎಂಪಿಎಸ್ ಒಂದನ್ನು ಈಗಲೇ ಹಿಡಿದಿಟ್ಟುಕೊಳ್ಳುವುದು ಜಾಣತನ, ಅದು ಕೆಟ್ಟ ದಿನ ಹುಡುಕಲು ಹೊರಟರೆ ಸಿಕ್ಕೀತೆಂಬ ಖಾತರಿಯಿಲ್ಲ. ತಂದದ್ದನ್ನು ಜೋಡಿಸಿ ಒಮ್ಮೆ ಓಡಿಸಿ, 12 ವೋಲ್ಟ್ ಸಾಲು 11.4 ಮತ್ತು 12.6ರ ನಡುವೆ ಇದೆಯೇ ಎಂದು ಅಳೆದು ಎತ್ತಿಡಬೇಕು.

780ನ್ನು ಪ್ರಿಂಟಿಗೆಂದು ಮೂಲೆಯಲ್ಲಿ ಓಡಿಸುವ ಮಾತು ಬಂದೇ ಬರುತ್ತದೆ. ಮೊದಲು ಪ್ಲಗ್ ವ್ಯಾಟ್‌ಮೀಟರಿಗೆ ಹಾಕಿ ನೋಡಬೇಕು. ಉಳಿದೆರಡಕ್ಕಿಂತ 25 ವ್ಯಾಟ್ ಹೆಚ್ಚು ಎಳೆಯುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನಕ್ಕೆ 50 ಯೂನಿಟ್ ಕರೆಂಟ್ ಸುಮ್ಮನೆ ಹೋಗುತ್ತದೆ. ಅದನ್ನು ಇ-ತ್ಯಾಜ್ಯಕ್ಕೆ ಕೊಡುವಾಗ ಬಟನ್ ಸೆಲ್ ತೆಗೆದಿಟ್ಟು, ಡಿಸ್ಕನ್ನು ಒಮ್ಮೆ ಪೂರ್ತಿ ಸೊನ್ನೆಗಳಿಂದ ತುಂಬಿಸಿ ಅಳಿಸಬೇಕು. 800ರಿಂದ ಬಂದ ಕೆಟ್ಟ ಡಿಸ್ಕಿಗೆ ಈ ಉಪಾಯ ಸಾಲದು, ಓದಲಾಗದ ಸೆಕ್ಟರುಗಳ ಮೇಲೆ ಬರೆದದ್ದು ನಿಲ್ಲುತ್ತದೆಂಬ ನೆಚ್ಚಿಕೆಯಿಲ್ಲ. ಅದರ ಒಳಗಿನ ತಟ್ಟೆಗಳಿಗೆ (ಪ್ಲ್ಯಾಟರ್) ಡ್ರಿಲ್‌ನಿಂದ ತೂತು ಕೊರೆದೇ ಕಳಿಸಬೇಕು.